ಲಿಸ್ ಪದಕದ ಸನ್ನದು: ಹೆಸರು ಆಮೇಲೆ ತುಂಬಿದ್ದಲ್ಲ

1814ರಲ್ಲಿ ಫ್ರಾನ್ಸಿನ ರಾಜಪಕ್ಷದವರು ಕೊಟ್ಟ ಲಿಸ್ ಪದಕದ ಸನ್ನದೊಂದು, ಅಂದರೆ ಪದಕ ಕೊಟ್ಟಿದ್ದಕ್ಕೆ ಪತ್ರ, ನನ್ನ ಹತ್ತಿರ ಇದೆ. ಅಚ್ಚಾದ ಫಾರಂ, ಖಾಲಿ ಜಾಗದಲ್ಲಿ ಕೈಬರಹದ ಹೆಸರು, ಕೆಳಗೆ ರಾಜಪಕ್ಷದ ಡ್ಯೂಕ್ ಒಬ್ಬನ ಸಹಿ. ಸಹಿ ಅಸಲಿ ಅಂತ ನೋಡಿದವರೆಲ್ಲ ಒಪ್ಪಿದರು. ಹೆಸರನ್ನು ಯಾರೂ ನಂಬಲಿಲ್ಲ. "ಸಹಿ ಹಾಕಿದ ಖಾಲಿ ಫಾರಂ, ಹೆಸರು ಆಮೇಲೆ ಯಾರೋ ತುಂಬಿದ್ದಾರೆ" ಅಂದರು. ಹೆಸರಿನ ಶಾಯಿ ಸಹಿಗಿಂತ ಹೆಚ್ಚು ಕಂದು. ಅವರ ಆಧಾರ ಅಷ್ಟೇ.

ಅನುಮಾನ ಬರುವುದು ಸಹಜ. ರಾಜ 18ನೇ ಲೂಯಿಯ ತಮ್ಮನಾದ ಆರ್ತ್ವಾದ ಕೌಂಟ್ ಏಪ್ರಿಲ್ 26ರಂದು ಪ್ಯಾರಿಸ್ಸಿನ ನಾಗರಿಕ ಪಡೆ ನ್ಯಾಷನಲ್ ಗಾರ್ಡಿಗೆಂದು ಶುರು ಮಾಡಿದ ಪದಕ ಇದು. ಆಮೇಲೆ ಸಿಕ್ಕಸಿಕ್ಕವರಿಗೆಲ್ಲ ಹೋಯಿತು. ಫ್ರಾನ್ಸಿನ ದೊಡ್ಡ ಪುರಸ್ಕಾರ ಲೀಜನ್ ಆಫ್ ಆನರ್ ಆಗಿದ್ದರೆ, ಅದನ್ನು ಪಡೆದವರ ಕಡತಗಳಿರುವ ಲೆಯೊನೋರ್ ಸಂಗ್ರಹದಲ್ಲಿ ಹುಡುಕಬಹುದಿತ್ತು. ಇದಕ್ಕೆ ಆ ಅನುಕೂಲ ಇಲ್ಲ.

ಮೊದಲು ಅಗ್ಗದ ಯುವಿ ಟಾರ್ಚ್ ತಂದೆ. 395 ನ್ಯಾನೊಮೀಟರ್ ತರಂಗದ್ದು, ಬರೀ ನೇರಳೆ ಬೆಳಕು. ಆಮೇಲೆ ಫಿಲ್ಟರ್ ಇರುವ 365ರದ್ದಕ್ಕೆ ಸುಮಾರು 50 ಯೂರೋ ಹೋಯಿತು. ಹಳೆ ಹೆಸರು ಕೆರೆದ ಗುರುತು ಎಲ್ಲೂ ಕಾಣಲಿಲ್ಲ. "ಖಾಲಿ ಫಾರಂನಲ್ಲಿ ಕೆರೆಯುವುದೇನಿದೆ?" ಅಂದರು. ಸರಿ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾದ ಒಳಗಿನ ಫಿಲ್ಟರ್ ತೆಗೆಸಿ ಇನ್‌ಫ್ರಾರೆಡ್‌ನಲ್ಲಿ ನೋಡಿದೆ. ಅದಕ್ಕೆ ಇನ್ನೂರರ ಹತ್ತಿರ ಖರ್ಚು. ಹೆಸರು, ಸಹಿ ಎರಡೂ ಒಂದೇ ಥರ ಮಸುಕಾದವು. ಅಂದರೆ ಎರಡೂ ಮಾಚಿಕಾಯಿ ಶಾಯಿ (ಮಾಚಿಕಾಯಿಗೆ ಕಬ್ಬಿಣದ ಲವಣ ಸೇರಿಸಿ ಮಾಡುವುದು) ಇರಬೇಕು. ಆದರೆ ಆ ಶಾಯಿ ಇಪ್ಪತ್ತನೇ ಶತಮಾನದಲ್ಲೂ ಬಳಕೆಯಲ್ಲಿತ್ತು, ಅಲ್ವಾ? ಅಲ್ಲಿಗೆ ಅದೂ ಸಾಲದಾಯಿತು. ಲ್ಯಾಬಿನವರು ಕೇಳಿದ ದುಡ್ಡು ಕಾಗದದ ಬೆಲೆಯ ನಾಲ್ಕೈದು ಪಟ್ಟು.

ದಾರಿ ಸಿಕ್ಕಿದ್ದು ಮಡಿಕೆಯಲ್ಲಿ. ಕಾಗದವನ್ನು ನಾಲ್ಕಾಗಿ ಮಡಿಚಿದ್ದರು. ನಡುವಿನ ಮಡಿಕೆ ಹೆಸರಿನ ಮೇಲೇ ಹಾದುಹೋಗಿದೆ. ಮಡಿಚಿದಾಗ ಹೊರಗಿದ್ದ ಕಾಲುಭಾಗ ಮಾತ್ರ ಕೊಳೆ ಹಿಡಿದು ಕಪ್ಪಾಗಿದೆ, ಅಂದರೆ ಮಡಿಕೆ ಹಳೆಯದು. ಮಡಿಚಿದ ಮೇಲೆ ಬರೆದರೆ ಮುರಿದ ನಾರಿನೊಳಗೆ ಶಾಯಿ ಸಾಮಾನ್ಯವಾಗಿ ಹರಡುತ್ತದೆ. ಮೊದಲೇ ಬರೆದಿದ್ದರೆ ಗೆರೆ ಮಡಿಕೆಯಲ್ಲಿ ಒಡೆಯುತ್ತದೆ, ಹರಡುವುದಿಲ್ಲ.

ಇದನ್ನು ತೋರಿಸಲು ಶಾಯಿ ನಾನೇ ಮಾಡಿದೆ. ಊರಿನ ಗ್ರಂಧಿಗೆ ಅಂಗಡಿಯಿಂದ ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ), ಗೋಂದು ತರಿಸಿದೆ. ಮೊದಲ ಸಲ ಗೋಂದು ಜಾಸ್ತಿಯಾಗಿ ಶಾಯಿ ಮಡಿಕೆಯ ಮೇಲೇ ನಿಂತಿತು. ಇನ್ನೊಂದು ಸಲ ಕಮ್ಮಿಯಾಗಿ ಎಲ್ಲ ಕಡೆ ಹರಡಿತು. ಸರಿ ಹೋದ ಅಳತೆ ನನ್ನಲ್ಲೇ ಇರಲಿ. ಸಂತೆಯಲ್ಲಿ ಸಿಕ್ಕ ಹರಕಲು ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಮಡಿಚುವ ಮುಂಚೆ ಕೆಲವು, ಮಡಿಚಿದ ಮೇಲೆ ಕೆಲವು ಬರೆದೆ.

ಫೋಟೋಗಳನ್ನು ಪಕ್ಕಪಕ್ಕ ಇಟ್ಟಾಗ ವಾದ ಮುಗಿಯಿತು. ಸನ್ನದಿನ ಗೆರೆ ಮಡಿಕೆಯಲ್ಲಿ ಬಿರುಕು ಬಿಟ್ಟಿದೆ, ಒಂದು ಕೂದಲಷ್ಟೂ ಹರಡಿಲ್ಲ. ಬಣ್ಣದ ವ್ಯತ್ಯಾಸಕ್ಕೆ ದೊಡ್ಡ ಕಾರಣ ಬೇಕಿಲ್ಲ. ಹೆಸರು ಗುಮಾಸ್ತ ಬರೆದ, ಸಹಿ ಡ್ಯೂಕ್ ಹಾಕಿದ, ದೌತಿ ಬೇರೆ ಬೇರೆ. 30 ಯೂರೋಗಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ ಅಂದಿದ್ದ ವ್ಯಾಪಾರಿಯೇ ಈಗ 150 ಕೊಡ್ತೀನಿ ಅನ್ನುತ್ತಿದ್ದಾರೆ. ನಾನು ಮಾರುವುದಿಲ್ಲ.

ಚರ್ಮದ ಹಾಳೆಗೆ ಈ ಉಪಾಯ ನಡೆಯುವುದಿಲ್ಲ. ಅದು ಕಾಗದದ ಹಾಗೆ ಶಾಯಿ ಹೀರುವುದಿಲ್ಲ. ಅದಕ್ಕೆ ಬೇರೆ ಬೆಳಕು, ಬೇರೆ ಕೋನ ಪ್ರಯತ್ನಿಸುತ್ತಿದ್ದೇನೆ.