ಚಳಿಗಾಲಕ್ಕೆ ಮನೆಯ ಸೊಪ್ಪು–ಮೂಲಿಕೆಗಳ ಕುಂಡಗಳನ್ನು ಅಣಿಗೊಳಿಸುವುದು

ಬೆಂಗಳೂರು, ಮೈಸೂರು, ತುಮಕೂರುಗಳಂತಹ ಊರುಗಳಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆಯೇ ಹೊರತು ಗಿಡಗಳನ್ನು ಹೊದಿಸಿಡಬೇಕಾದಷ್ಟು ಚಳಿ ಬರುವುದು ಅಪರೂಪ. ಆದರೂ ತುಳಸಿ ಬರಿಗಡ್ಡಿಯಾಗುವುದು, ದೊಡ್ಡಪತ್ರೆಯ ಬುಡ ಕೊಳೆಯುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. ಇದರಲ್ಲಿ ಚಳಿಯ ಪಾಲಿಗಿಂತ ತಪ್ಪಿಹೋದ ಬಿಸಿಲಿನ ಮತ್ತು ಹೆಚ್ಚಾದ ನೀರಿನ ಪಾಲು ದೊಡ್ಡದೆಂದು ನನ್ನ ಎಣಿಕೆ.

ಆದ್ದರಿಂದ ಮೊದಲು ಬಿಸಿಲನ್ನು ಗಮನಿಸಬೇಕು. ಡಿಸೆಂಬರ್ ಕೊನೆಯ ವೇಳೆಗೆ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿಗಳಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಮೇ ತಿಂಗಳಲ್ಲಿ ಬಿಸಿಲು ಕಂಡಿದ್ದ ಉತ್ತರದ ಬಾಲ್ಕನಿಗೆ ಈಗ ಒಂದು ಕಿರಣವೂ ಬೀಳದೆ, ದಕ್ಷಿಣದ ಬಾಲ್ಕನಿಯಲ್ಲಿ ಬಿಸಿಲು ಒಳಗೋಡೆಯವರೆಗೂ ಚಾಚುತ್ತದೆ. ದೀಪಾವಳಿಯ ಹೊತ್ತಿಗೇ ಒಂದು ರಜಾದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆಂದು ನೋಡಿಕೊಂಡು, ತುಳಸಿ ಮತ್ತು ಕರಿಬೇವಿನ ಕುಂಡಗಳನ್ನು ಹೆಚ್ಚು ಬಿಸಿಲಿರುವ ಕಡೆಗೆ ಸಾಗಿಸಬೇಕು. ಒಂದೆಲಗಕ್ಕೆ ಅರೆನೆರಳು ಸಾಕು.

ಹಿಂಗಾರು ಮಳೆ ನಿಂತ ಮೇಲೆ ಮಣ್ಣನ್ನು ಮೇಲ್ಮೇಲೆ ಸಡಿಲಿಸಿ, ಕುಂಡದ ತಳದ ತೂತು ಕಟ್ಟಿಕೊಂಡಿದ್ದರೆ ಕಡ್ಡಿಯಿಂದ ಬಿಡಿಸಬೇಕು. ನೀರನ್ನು ದಿನಚರಿಯಂತೆ ಹಾಕದೆ, ಬೆರಳಿನ ಒಂದು ಗೆಣ್ಣಿನಷ್ಟು ಆಳದ ಮಣ್ಣು ಒಣಗಿದ್ದರೆ ಮಾತ್ರ, ಅದೂ ಬೆಳಿಗ್ಗೆಯೇ, ಬುಡಕ್ಕೆ ಹಾಕುವುದು ಒಳ್ಳೆಯದು. ಸಂಜೆ ಎಲೆಗಳ ಮೇಲೆ ನಿಂತ ನೀರಿಗೆ ರಾತ್ರಿಯ ಇಬ್ಬನಿಯೂ ಸೇರಿದರೆ ಶಿಲೀಂಧ್ರಕ್ಕೆ ದಾರಿಯಾಗುತ್ತದೆ. ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುವ ದೊಡ್ಡಪತ್ರೆಗೆ ಇನ್ನೂ ಕಡಿಮೆ ನೀರು ಸಾಕು. ಮುನ್ನೆಚ್ಚರಿಕೆಯಾಗಿ ಅದರ ನಾಲ್ಕಂಗುಲದ ಎರಡು ತುಂಡುಗಳನ್ನು ಬೇರೊಂದು ಕುಂಡದಲ್ಲಿ ನೆಟ್ಟಿರಬೇಕು.

ಉತ್ಥಾನ ದ್ವಾದಶಿಯ ಪೂಜೆ ಮುಗಿದ ನಂತರ ತುಳಸಿಯ ಕದಿರುಗಳನ್ನು ಚಿವುಟಿದರೆ ಗಿಡದ ಶಕ್ತಿ ಬೀಜಕ್ಕೆ ಹೋಗದೆ ಎಲೆಗೆ ಉಳಿಯುತ್ತದೆ. ಚಿವುಟಲು ಮನಸ್ಸು ಒಪ್ಪದವರು ಒಣಗಿದ ಕದಿರುಗಳನ್ನಾದರೂ ತೆಗೆದು, ಉದುರಿದ ಕಪ್ಪು ಬೀಜಗಳನ್ನು ಕಾಗದದ ಪೊಟ್ಟಣದಲ್ಲಿಟ್ಟುಕೊಂಡು ಬೇಸಿಗೆಯ ಆರಂಭದಲ್ಲಿ ಬಿತ್ತಬಹುದು.

ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಗಳಿಗಂತೂ ಇದೇ ಸುಗ್ಗಿಯ ಕಾಲ. ಕೊತ್ತಂಬರಿ ಬೀಜವನ್ನು ಮೆಲ್ಲನೆ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ, ಅರ್ಧ ಅಂಗುಲದ ಆಳದಲ್ಲಿ ಬಿತ್ತಬೇಕು. ಮೊಳಕೆ ಹತ್ತು ದಿನವಾದರೂ ಕಾಣದಿದ್ದರೆ ಮಣ್ಣು ಕೆದಕುವ ಆತುರ ಬೇಡ. ಹದಿನೈದು ದಿನಗಳಿಗೊಮ್ಮೆ ಹೊಸದಾಗಿ ಬಿತ್ತುತ್ತಿದ್ದರೆ ಫೆಬ್ರವರಿಯವರೆಗೂ ಸೊಪ್ಪಿಗೆ ಕೊರತೆಯಾಗದು. ಪುದೀನವನ್ನು ಮಣ್ಣಿನಿಂದ ಎರಡಂಗುಲ ಬಿಟ್ಟು ಕತ್ತರಿಸಿ, ಒಂದು ಹಿಡಿ ಎರೆಗೊಬ್ಬರ ಕೊಟ್ಟರೆ ಸಾಕು.

ಕರಿಬೇವು ಚಳಿಯಲ್ಲಿ ಚಿಗುರದೆ ಸುಮ್ಮನಿರುತ್ತದೆ, ಕೆಳಗಿನ ಎಲೆಗಳು ಹಳದಿಯಾಗಿ ಉದುರುವುದೂ ಉಂಟು. ಗಾಬರಿಯಿಂದ ಗೊಬ್ಬರ ಸುರಿಯದೆ, ಸವರದೆ ಅದನ್ನು ಹಾಗೆಯೇ ಬಿಟ್ಟು, ಶಿವರಾತ್ರಿಯ ಆಸುಪಾಸಿನಲ್ಲಿ ಬಿಸಿಲು ಏರತೊಡಗಿದಾಗ ತುದಿಗಳನ್ನು ಕತ್ತರಿಸಿ ಕೊಟ್ಟಿಗೆ ಗೊಬ್ಬರ ಹಾಕಬೇಕು.