ಮಾದರಿ ರೈಲು ನಿಲ್ದಾಣಕ್ಕೆ ಅಳತೆಗೊಪ್ಪುವ ಜನ: ನನ್ನ ಅನುಭವ

ಮಾದರಿ ರೈಲು ನಿಲ್ದಾಣದಲ್ಲಿ ನಿಲ್ಲಿಸಿದ ಗೊಂಬೆ ಇರಬೇಕಾದ್ದಕ್ಕಿಂತ ಎರಡೇ ಮಿಲಿಮೀಟರ್ ಹೆಚ್ಚು ಎತ್ತರವಾದರೂ ಅದರ ಸುತ್ತಲಿನ ಬೋಗಿ, ಬಾಗಿಲು, ಬೆಂಚುಗಳೆಲ್ಲ ಕುಗ್ಗಿದಂತೆ ಕಾಣುತ್ತವೆ. ನೋಡುವವರ ಕಣ್ಣು ಉಳಿದೆಲ್ಲದರ ಗಾತ್ರವನ್ನು ಮನುಷ್ಯನ ಎತ್ತರಕ್ಕೆ ಹೋಲಿಸಿಯೇ ಅಂದಾಜು ಮಾಡುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಮಾರ್ಗದ ನಿಲ್ದಾಣವೊಂದನ್ನು ಎಚ್‌ಒ ಪ್ರಮಾಣದಲ್ಲಿ, ಅಂದರೆ 1:87ರಲ್ಲಿ (ನಿಜದ ಎಂಬತ್ತೇಳರಲ್ಲಿ ಒಂದು ಪಾಲಿನ ಅಳತೆಯಲ್ಲಿ) ಕಟ್ಟುವಾಗ ನಾನು ಹಳಿ, ಬೋಗಿಗಳಿಗಿಂತ ಜನರ ಮೇಲೆಯೇ ಹೆಚ್ಚು ಗಮನ ಕೊಟ್ಟೆ.

ಗೊಂಬೆಗಳ ಪೊಟ್ಟಣದ ಮೇಲೆ ಅಚ್ಚಾದ ಪ್ರಮಾಣವನ್ನು ನಾನು ಸೂಚನೆಯೆಂದು ಮಾತ್ರ ತೆಗೆದುಕೊಳ್ಳುತ್ತೇನೆ. ಎಚ್‌ಒ ಮತ್ತು ಬ್ರಿಟನ್ನಿನ ಒಒ ಎರಡೂ 16.5 ಮಿ.ಮೀ. ಅಗಲದ ಹಳಿಯ ಮೇಲೆಯೇ ಓಡುತ್ತವೆ, ಆದರೆ ಒಒ ಪ್ರಮಾಣ 1:76. ಬ್ರಿಟನ್ನಿನ ಎಂಜಿನ್‌ಗಳ ಒಡಲು ಚಿಕ್ಕದಾದ್ದರಿಂದ ಅಂದಿನ ಮೋಟಾರುಗಳನ್ನು ಕೂರಿಸಲು ಹಳಿಯನ್ನು ಹಾಗೆಯೇ ಉಳಿಸಿಕೊಂಡು ಒಡಲನ್ನಷ್ಟೇ ಹಿಗ್ಗಿಸಿದರು. ಹಳಿ ಒಂದೇ ಎಂಬ ಕಾರಣಕ್ಕೆ ಗೊಂಬೆಗಳನ್ನೂ 'ಎಚ್‌ಒ/ಒಒ' ಎಂದು ಒಟ್ಟಿಗೆ ಮಾರುವವರಿದ್ದಾರೆ. 165 ಸೆಂ.ಮೀ. ಎತ್ತರದ ವ್ಯಕ್ತಿ ಎಚ್‌ಒನಲ್ಲಿ 19 ಮಿ.ಮೀ. ಇರಬೇಕು, ಒಒನಲ್ಲಿ 21.7 ಮಿ.ಮೀ.; ಒಒ ಗೊಂಬೆಯನ್ನು ಎಚ್‌ಒ ಬೋಗಿಯ ಪಕ್ಕ ನಿಲ್ಲಿಸಿದರೆ ಅದು ಆರು ಅಡಿ ಮೀರಿದ ಆಳಾಗುತ್ತದೆ. ಇನ್ನೂ ಚಿಕ್ಕದಾದ ಎನ್ ಪ್ರಮಾಣದಲ್ಲಿ ಯುರೋಪು ಮತ್ತು ಅಮೆರಿಕದ 1:160, ಜಪಾನಿನ 1:150, ಬ್ರಿಟನ್ನಿನ 1:148 ಎಂಬ ಭೇದಗಳಿದ್ದರೂ ಅಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿನೊಳಗೇ ಇರುವುದರಿಂದ ಬೆರೆಸಿದರೆ ಅಷ್ಟಾಗಿ ತೋರುವುದಿಲ್ಲ.

ಲೆಕ್ಕ ಸುಲಭ: ನಿಜವಾದ ಎತ್ತರವನ್ನು ಮಿಲಿಮೀಟರಿಗೆ ತಂದು 87ರಿಂದ ಭಾಗಿಸಬೇಕು. ಅಳೆಯುವುದರಲ್ಲಿ ಮಾತ್ರ ಎಚ್ಚರ ಬೇಕು. ವರ್ನಿಯರ್ ಕ್ಯಾಲಿಪರ್‌ನಿಂದ ಗೊಂಬೆಯನ್ನು ಬುಡದಿಂದ ತುದಿಯವರೆಗೆ ಅಳೆದು, ಕಾಲಡಿಯ ಬಿಲ್ಲೆಯ ದಪ್ಪವನ್ನೂ ಟೋಪಿ ಅಥವಾ ಪೇಟದ ಎತ್ತರವನ್ನೂ ಕಳೆಯುತ್ತೇನೆ. ಬಗ್ಗಿದ, ನಡೆಯುತ್ತಿರುವ ಗೊಂಬೆಗಳಲ್ಲಿ ಈ ಅಳತೆ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ತಲೆಯನ್ನು ನೋಡುತ್ತೇನೆ. ವಯಸ್ಕರ ತಲೆ ಒಟ್ಟು ಎತ್ತರದ ಸುಮಾರು ಏಳೂವರೆಯಲ್ಲಿ ಒಂದು ಪಾಲಾದ್ದರಿಂದ ಎಚ್‌ಒನಲ್ಲಿ ಅದು ಎರಡೂವರೆ ಮಿಲಿಮೀಟರಿನ ಆಸುಪಾಸಿನಲ್ಲಿರಬೇಕು. ಅಗ್ಗದ ದೊಡ್ಡ ಪೊಟ್ಟಣಗಳಲ್ಲಿ 17 ಮಿ.ಮೀ.ನಿಂದ 22 ಮಿ.ಮೀ.ವರೆಗಿನ ಗಂಡಾಳುಗಳು ಒಟ್ಟಿಗೇ ಸಿಕ್ಕಿದ್ದುಂಟು. 17 ಮಿ.ಮೀ. ಗೊಂಬೆಗಳನ್ನು ನಾನು ಎಸೆಯಲಿಲ್ಲ. ದೂರದ ಕಾಫಿ ತೋಟದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಅವು ಮಾದರಿಯ ಆಳವನ್ನೇ ಹೆಚ್ಚಿಸಿದವು.

ನಮ್ಮ ಮಾರ್ಗಗಳ ಮಾದರಿ ಮಾಡುವವರಿಗೆ ಇನ್ನೊಂದು ತೊಡಕಿದೆ. ಭಾರತದ ಬ್ರಾಡ್ ಗೇಜ್‌ನಲ್ಲಿ ಎರಡು ಹಳಿಗಳ ನಡುವಿನ ಅಗಲ 1676 ಮಿ.ಮೀ. ಆದ್ದರಿಂದ ಎಚ್‌ಒನಲ್ಲಿ ಹಳಿಯ ಅಗಲ 19 ಮಿ.ಮೀ.ಗಿಂತ ತುಸು ಹೆಚ್ಚಿರಬೇಕಾಗಿತ್ತು, ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5 ಮಿ.ಮೀ.ನದು. ಹಳಿಗೆ ಹೋಲಿಸಿ ಗೊಂಬೆಯನ್ನು ಆರಿಸಿದರೆ ತಪ್ಪು ಖಚಿತ. ನಾನು ಬೋಗಿಗೇ ಹೋಲಿಸುತ್ತೇನೆ: ಹಳಿಯಿಂದ ಛಾವಣಿಯವರೆಗೆ ಸುಮಾರು ನಾಲ್ಕು ಮೀಟರ್ ಇರುವ ಬೋಗಿ ಎಚ್‌ಒನಲ್ಲಿ 46 ಮಿ.ಮೀ. ಆಗುತ್ತದೆ, ಹಳಿಯ ಮಟ್ಟದಲ್ಲಿ ನಿಂತ ಮನುಷ್ಯ ಅದರ ಅರ್ಧಕ್ಕಿಂತ ಸ್ಪಷ್ಟವಾಗಿ ಕೆಳಗಿರಬೇಕು. ಎತ್ತರದ ಪ್ಲಾಟ್‌ಫಾರ್ಮ್ ನಿಜದಲ್ಲಿ 760ರಿಂದ 840 ಮಿ.ಮೀ.; ಮಾದರಿಯಲ್ಲಿ ಒಂಬತ್ತು ಮಿಲಿಮೀಟರ್ ಹಾಕಿದರೆ ಸರಿಹೋಗುತ್ತದೆ.

ಜರ್ಮನಿಯ ಪ್ರೈಸರ್ ಕಂಪನಿಯ ಗೊಂಬೆಗಳ ಮೈಕಟ್ಟು ನನಗೆ ಬಹಳ ಮೆಚ್ಚುಗೆ, ಆದರೆ ಅವು ಯುರೋಪಿನ ಉಡುಪಿನವು. ಬಣ್ಣ ಹಚ್ಚದ ಗೊಂಬೆಗಳನ್ನು ತರಿಸಿ, ಅವುಗಳಲ್ಲಿ ಗಿಡ್ಡನೆಯವನ್ನು ಆರಿಸಿ, ಪಂಚೆ, ಸೀರೆಗಳನ್ನು ನಾನೇ ಉಡಿಸುತ್ತೇನೆ. ತೆಳು ಟಿಶ್ಯೂ ಕಾಗದದ ಒಂದೇ ಪದರವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ನೆನೆಸಿ, ಸೊಂಟಕ್ಕೆ ಸುತ್ತಿ, ಒದ್ದೆಯಿರುವಾಗಲೇ ಸೂಜಿಯ ತುದಿಯಿಂದ ನೆರಿಗೆ ಗೀರಿ, ಸೆರಗನ್ನು ಹೆಗಲ ಮೇಲೆ ಹಾಯಿಸಬೇಕು. ಇಲ್ಲಿಯೂ ಪ್ರಮಾಣದ ಪ್ರಶ್ನೆಯೇ ಬರುತ್ತದೆ: ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪದ ಬಟ್ಟೆ ಎಚ್‌ಒನಲ್ಲಿ ಒಂಬತ್ತು ಮಿಲಿಮೀಟರ್ ದಪ್ಪದ ಕಂಬಳಿಗೆ ಸಮ. ಆದ್ದರಿಂದ ಕಾಗದ ಸುತ್ತುವ ಮೊದಲು ಗೊಂಬೆಯ ಮೈಮೇಲೆ ಮೊದಲೇ ಇರುವ ಕೋಟಿನ ಅಂಚನ್ನು ಅರದಿಂದ ತೀಡಿ ಇಳಿಸುತ್ತೇನೆ. ಹೆಂಗಸರ ಸರಾಸರಿ ಎತ್ತರ ನಮ್ಮಲ್ಲಿ 152 ಸೆಂ.ಮೀ. ಆಸುಪಾಸಿನಲ್ಲಿದೆ, ಅಂದರೆ ಹದಿನೇಳೂವರೆ ಮಿಲಿಮೀಟರ್. ಸೀರೆ ಪಾದ ಮುಚ್ಚುವುದರಿಂದ ಮೊಣಕಾಲಿನ ಕೆಳಗೆ ಒಂದು ಮಿಲಿಮೀಟರ್ ಕತ್ತರಿಸಿ ಅಂಟಿಸಿದರೂ ಗುರುತು ಸಿಗುವುದಿಲ್ಲ.

ಬೋಗಿಯೊಳಗೆ ಕೂರುವವರ ವಿಷಯ ಬೇರೆ. ಮಾದರಿ ಬೋಗಿಗಳ ನೆಲ ನಿಜಕ್ಕಿಂತ ದಪ್ಪ ಮತ್ತು ಎತ್ತರವಾಗಿರುವುದುಂಟು, ಹಾಗಾಗಿ ಸರಿಯಾದ ಅಳತೆಯ ಪ್ರಯಾಣಿಕನ ತಲೆಯೂ ಕಿಟಕಿಯ ಮೇಲಂಚಿಗೆ ಹೋಗುತ್ತದೆ. ಅಲ್ಲಿ ಕಾಲುಗಳನ್ನು ಮೊಣಕಾಲಿನಿಂದ ತೆಗೆದು, ಸೊಂಟದ ತಳವನ್ನೂ ಸ್ವಲ್ಪ ಉಜ್ಜಿ, ಕಣ್ಣು ಕಿಟಕಿಯ ಸರಳುಗಳ ನಡುಮಟ್ಟಕ್ಕೆ ಬರುವಂತೆ ಕೂರಿಸುತ್ತೇನೆ. ಹೊರಗೆ ನಿಲ್ಲುವವರಿಗೆ ಬಿಲ್ಲೆ ತೆಗೆದು, ಕಾಲಿನೊಳಕ್ಕೆ ಅರ್ಧ ಮಿಲಿಮೀಟರಿನ ಹಿತ್ತಾಳೆ ತಂತಿ ಇಳಿಸಿ, ಪ್ಲಾಟ್‌ಫಾರ್ಮಿನಲ್ಲಿ ಕೊರೆದ ರಂಧ್ರಕ್ಕೆ ನೆಡುತ್ತೇನೆ. ಅಂಗಾಲು ನೆಲಕ್ಕೆ ಪೂರ್ತಿ ತಾಗಿದ ಮೇಲೆಯೇ ಅಂಟು ಹಾಕುತ್ತೇನೆ.