ಕೌದಿ, ಏಕತಾರಿ, ಒಂದೇ ಮೈಕು: ಮನೆಯಲ್ಲೇ ತತ್ವಪದದ ಆಲ್ಬಮ್ ಮಾಡುವುದು ಹೇಗೆ

ಕಳೆದ ಚಳಿಗಾಲ ಕಲಬುರಗಿಯ ನಮ್ಮ ಮನೆ ಪಡಸಾಲೆಯಲ್ಲಿ ಆರು ತತ್ವಪದ, ಅಂದರೆ ಅನುಭಾವಿಗಳು ಕಟ್ಟಿದ ಹಾಡು, ರೆಕಾರ್ಡ್ ಮಾಡಿದೆವು. ಹಾಡಿದವರು ನಮ್ಮ ಕಾಕಾ. ಜೊತೆಗೆ ಏಕತಾರಿ, ದಮ್ಮಡಿ (ಚರ್ಮ ಬಿಗಿದ ಕೈವಾದ್ಯ), ತಾಳ. ಅಷ್ಟೇ. ಕೀಬೋರ್ಡ್ ಸೇರಿಸಿ ಅಂತ ಸುಮಾರು ಜನ ಹೇಳಿದರು, ನಾವು ಸೇರಿಸಲಿಲ್ಲ. ತತ್ವಪದದಲ್ಲಿ ಮಾತು ಮುಖ್ಯ. ಅದು ಕಿವಿಗೆ ನೇರ ಬೀಳಬೇಕು.

ಮೊದಲು ಪದ ಆರಿಸಿ. ನಮ್ಮ ಜಿಲ್ಲೆಯ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳು ಕಾಕಾಗೆ ಬಾಯಿಪಾಠ. ಒಂದೊಂದನ್ನೂ ಬರೀ ಏಕತಾರಿ ಹಿಡಿದು ಹಾಡಿಸಿದೆ. ಎಲ್ಲೂ ಏನೋ ಕಡಿಮೆ ಅನ್ನಿಸದ ಪದಗಳನ್ನು ಮಾತ್ರ ಉಳಿಸಿಕೊಂಡೆ.

ಆಮೇಲೆ ಕೋಣೆ. ಜಾಸ್ತಿ ಸಮಯ ಇದಕ್ಕೇ ಕೊಡಿ. ನಮ್ಮ ಕಡೆ ಮನೆಗಳಿಗೆ ಶಹಾಬಾದ್ ಕಲ್ಲಿನ ನೆಲ ಅಲ್ವಾ, ದನಿ ಬಡಿದು ವಾಪಸ್ ಬರುತ್ತದೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. 'ಟಣ್' ಅಂತ ಬಾಲ ಎಳೆದರೆ ಆ ಕೋಣೆ ಇನ್ನೂ ತಯಾರಿಲ್ಲ. ನಾನು ನೆಲಕ್ಕೆ ಜಮಖಾನ ಹಾಸಿದೆ. ಅವ್ವ ಹೊಲಿದ ಎರಡು ದಪ್ಪ ಕೌದಿಗಳನ್ನು ಕಾಕಾನ ಬೆನ್ನ ಹಿಂದಿನ ಗೋಡೆಗೆ, ಗೋಡೆಯಿಂದ ಒಂದು ಗೇಣು ಬಿಟ್ಟು, ಹಗ್ಗಕ್ಕೆ ಇಳಿಬಿಟ್ಟೆ. ಮೈಕು ಹಾಡುಗಾರನ ಕಡೆ ಮುಖ ಮಾಡಿರುತ್ತದೆ, ಹಾಗಾಗಿ ಆ ಗೋಡೆಯ ದನಿಯೇ ಅದಕ್ಕೆ ಜಾಸ್ತಿ ಕೇಳಿಸುತ್ತದೆ. ಮೂಲೆಗಳಲ್ಲಿ ತೊಗರಿ ಚೀಲ ಇಟ್ಟೆವು. ಫ್ಯಾನು, ಫ್ರಿಜ್ಜು ಬಂದ್. ಫ್ಯಾನಿಲ್ಲದೆ ಬೇಸಿಗೆಯಲ್ಲಿ ಇಲ್ಲಿ ಕೂರಲಾಗದು, ಆದ್ದರಿಂದ ಡಿಸೆಂಬರ್ ಹಿಡಿಯಿರಿ. ಆಟೋಗಳು ಓಡಾಡುವ ಮೊದಲು, ಬೆಳಗಿನ ನಾಲ್ಕೂವರೆಗೆ ಶುರು ಮಾಡಿ.

ಸಣ್ಣ ದನಿಯನ್ನೂ ಹಿಡಿಯುವ ಒಂದು ಕಂಡೆನ್ಸರ್ ಮೈಕು ಸಾಕು. ಅದರಿಂದ ಒಂದು ಮೊಳ ದೂರದಲ್ಲಿ ಕಾಕಾ ಕೂತರು. ದಮ್ಮಡಿ ಐದು ಅಡಿ ಹಿಂದೆ. ತಾಳ ಇನ್ನೂ ಹಿಂದೆ, ಒಂದು ಪಕ್ಕಕ್ಕೆ. ಮೊದಲ ದಿನ ತಾಳವನ್ನು ಹತ್ತಿರವೇ ಕೂರಿಸಿದ್ದೆ. ಕಂಚಿನ ಏಟು ಬಿದ್ದಲ್ಲೆಲ್ಲ ಪದದ ಒಂದೊಂದು ಅಕ್ಷರ ಮುಚ್ಚಿಹೋಗಿತ್ತು. ಒಂದೇ ಮೈಕಿನಲ್ಲಿ ಹಿಡಿದಿದ್ದನ್ನು ಆಮೇಲೆ ಬೇರೆ ಮಾಡಲು ಬರುವುದಿಲ್ಲ, ಜನರನ್ನೇ ಹಿಂದೆ ಮುಂದೆ ಸರಿಸಿ ಹದ ನೋಡಿ. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ವೇವ್ ಫೈಲ್ ಇರಲಿ. ಎತ್ತರದ ದನಿ ಕೂಡ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 10 ಡೆಸಿಬಲ್ ದಾಟದಿರಲಿ.

ಪ್ರತಿ ಪದಕ್ಕೂ ಮೊದಲು ಏಕತಾರಿಯ ಶ್ರುತಿ ನೋಡಿ. ಕಾಕಾನ ದನಿಗೆ ಹಾರ್ಮೋನಿಯಂನ 'ಕರಿ ಒಂದು', ಅಂದರೆ ಮೊದಲ ಕರಿ ಮನೆ, ಹೊಂದುತ್ತದೆ. ಅದನ್ನು ಒಮ್ಮೆ ಒತ್ತಿ, ತಂತಿ ಕೂಡಿಸಿ, ಹಾರ್ಮೋನಿಯಂ ಮುಚ್ಚಿಡುತ್ತಿದ್ದೆವು. ದಮ್ಮಡಿ ಚಳಿಗೆ ಸಡಿಲಾದರೆ ಕೆಂಡದ ಮುಂದೆ ಸ್ವಲ್ಪ ಹೊತ್ತು ಹಿಡಿಯಿರಿ.

ಎಡಿಟಿಂಗ್ ಬಗ್ಗೆ ಹೇಳುವುದು ಕಡಿಮೆ. ನಾನು ಮೊದಲ ಸಲ ನುಡಿ ನುಡಿ (ಚರಣ) ನಡುವಿನ ಉಸಿರು, ಬರೀ ತಂತಿ ಮಿಡಿಯುವ ಜಾಗ, ಎಲ್ಲ ಕತ್ತರಿಸಿ ಚೊಕ್ಕ ಮಾಡಿದ್ದೆ. ಕಾಕಾ ಕಣ್ಣು ಮುಚ್ಚಿ ಕೇಳಿ, "ತಮ್ಮಾ, ಇದರಾಗ ನಾ ಎಲ್ಲಿ ಕುಂತೀನಿ? ಕೇಳೋರಿಗೆ ವಿಚಾರ ಮಾಡ್ಲಾಕ ಜಾಗಾನೇ ಇಟ್ಟಿಲ್ಲಲ್ಲ" ಅಂದರು. ಅವತ್ತೇ ಎಲ್ಲ ವಾಪಸ್ ಸೇರಿಸಿದೆ. ಹಾಡು ಮುಗಿದ ಮೇಲೂ ತಂತಿಯ ದನಿ ಪೂರ್ತಿ ಅಡಗುವ ತನಕ ಬಿಡಿ.

ಉದ್ದ ಆಯಿತು ಅಂತ ಕೊನೆಯ ನುಡಿ ಮಾತ್ರ ಬಿಡಬೇಡಿ, ಪದ ಕಟ್ಟಿದವರ ಗುರುತಾದ ಅಂಕಿತ ಇರುವುದು ಅಲ್ಲೇ. ಆಲ್ಬಮ್ ಹಾಕುವಾಗ ರಚನೆ ಅನ್ನುವ ಕಡೆ ಸುಮ್ನೆ 'ಜಾನಪದ' ಅಂತ ಬರೆಯದೆ, ಮಡಿವಾಳಪ್ಪನವರ ಹೆಸರು ಹಾಕಿ.